ಆಟದೊಳಗಿನ ಅಮಲು

1983ರಲ್ಲಿ ಅಮೆರಿಕದಲ್ಲಿ ‘ಟ್ಯಾಪರ್’ ಎಂಬ ವಿಡಿಯೊ ಆಟದ ಯಂತ್ರ ಬಂತು. ಬ್ಯಾಲಿ ಮಿಡ್‌ವೇ ಕಂಪನಿಯ ಈ ಯಂತ್ರಕ್ಕೆ ಬಿಯರ್ ನಲ್ಲಿಯಂಥದೇ ಹಿಡಿಕೆ, ಬುಡದಲ್ಲಿ ಕಾಲಿಡಲು ಹಿತ್ತಾಳೆಯ ಸರಳು. ನಾಲ್ಕು ಕೌಂಟರ್‌ಗಳಲ್ಲಿ ಮುನ್ನುಗ್ಗುವ ಗಿರಾಕಿಗಳಿಗೆ ಮಗ್ ತುಂಬಿ ಜಾರಿಸಬೇಕು, ಖಾಲಿಯಾಗಿ ವಾಪಸ್ ಬರುವುದನ್ನು ಹಿಡಿಯಬೇಕು. ಕೈತಪ್ಪಿ ಒಡೆದರೆ ಒಂದು ಜೀವ ಹೋದಂತೆ. ಪರದೆಯ ಮೇಲೆ ಬಡ್‌ವೈಸರ್ ಲಾಂಛನ ರಾರಾಜಿಸುತ್ತಿತ್ತು. ಬಾರ್‌ಗಳಿಗೆಂದು ಮಾಡಿದ ಆಟ ಮಕ್ಕಳಿಗೆ ಬಿಯರ್ ಜಾಹೀರಾತಾದೀತೆಂಬ ಅಳುಕಿನಿಂದ 1984ರಲ್ಲಿ ‘ರೂಟ್ ಬಿಯರ್ ಟ್ಯಾಪರ್’ ಬಂತು. ಆಟ ಅದೇ, ಮಗ್ಗಿನಲ್ಲಿ ಮಾತ್ರ ಅಮಲಿಲ್ಲದ ಪಾನೀಯ!

2008ರ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ರಲ್ಲಿ ಮುಚ್ಚುಮರೆಯೇ ಇಲ್ಲ. ನಾಯಕ ನಿಕೋ ಗೆಳೆಯರ ಜತೆ ಕುಡಿದು ಹೊರಬಂದರೆ ಕಾಲು ಸೋಲುತ್ತದೆ, ಪರದೆ ತೂಗಾಡುತ್ತದೆ, ಕಾರು ಹೇಳಿದಂತೆ ಕೇಳುವುದಿಲ್ಲ. ಪೊಲೀಸರು ಕಂಡರೆ ಬೆನ್ನಟ್ಟುತ್ತಾರೆ. ಇದು ಎಚ್ಚರಿಕೆಯೇ ಎನ್ನಬಹುದು. ಆದರೆ ಆಡುವವನಿಗೆ ಆ ತೂರಾಟವೇ ಮಜಾ. ಕುಡಿದು ವಾಹನ ಓಡಿಸುವುದರ ವಿರುದ್ಧ ಹೋರಾಡುವ ಅಮೆರಿಕದ ತಾಯಂದಿರ ಸಂಘಟನೆ ‘ಮ್ಯಾಡ್’, ಆಟಕ್ಕೆ ‘ವಯಸ್ಕರಿಗೆ ಮಾತ್ರ’ ದರ್ಜೆ ಕೊಡಿ ಎಂದಿತು. 17 ವರ್ಷ ತುಂಬಿದವರಿಗೆ ಎಂಬ ದರ್ಜೆಯೇ ಉಳಿಯಿತು.

ಇಂಥ ಆಟಗಳಿಂದ ಹುಡುಗರು ಕುಡಿತ ಕಲಿಯುತ್ತಾರೆಯೇ? ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 11ರಿಂದ 17 ವರ್ಷದವರನ್ನು ಸಮೀಕ್ಷೆ ಮಾಡಿದರು. ಮದ್ಯ ಅಥವಾ ತಂಬಾಕು ತೋರಿಸುವ ಆಟ ಆಡಿದವರಲ್ಲಿ ಅವುಗಳ ರುಚಿ ನೋಡಿರುವ ಸಾಧ್ಯತೆ ಸುಮಾರು ದುಪ್ಪಟ್ಟಿತ್ತು. ಆಟವೇ ಕುಡಿಸಿತು ಎಂದೇನೂ ಇದರರ್ಥವಲ್ಲ. ಕುತೂಹಲ ಜಾಸ್ತಿಯಿರುವ ಹುಡುಗರೇ ಇಂಥ ಆಟ ಹುಡುಕಿಕೊಂಡು ಹೋಗಿರಬಹುದು.

ಅಮೆರಿಕದ ದರ್ಜೆ ಮಂಡಳಿ ಆಟದ ಡಬ್ಬಿಯ ಹಿಂಬದಿಯಲ್ಲಿ ‘ಮದ್ಯ ಬಳಕೆ’ ಎಂದು ನಮೂದಿಸುತ್ತದೆ. ಅಣ್ಣ ಕೊಂಡ ಆಟಕ್ಕೆ ಕೂರುವ ತಮ್ಮ ಆ ಡಬ್ಬಿಯನ್ನು ತಿರುಗಿಸಿ ನೋಡುವುದು ಅಪರೂಪ.