ಹೊಟ್ಟೆಯ ಕ್ಯಾನ್ಸರ್: ವಂಶಾವಳಿ ಉಳಿಸಿದ ಮನೆತನ

ಅಕ್ಕಲಕೋಟ, ಜತ್ತ ಕಡೆ ಬೀಗರಾಗುವವರು ಬಂದರೆ ಹೊಲ ಎಷ್ಟು, ಬಾವಿಗೆ ನೀರು ಎಷ್ಟು, ಎಲ್ಲ ಬಿಚ್ಚಿ ಹೇಳುತ್ತೇವೆ. ಅಜ್ಜ ಯಾವ ಬ್ಯಾನಿಯಿಂದ ತೀರಿಕೊಂಡ ಅಂತ ಕೇಳಿದರೆ ಮಾತ್ರ "ವಯಸ್ಸಾಗಿತ್ತರೀ, ಹೋದ್ರು" ಅಂತ ಮುಗಿಸುತ್ತೇವೆ. ಕ್ಯಾನ್ಸರ್ ಅಂದರೆ ಸಂಬಂಧ ಮುರಿದೀತು ಎಂಬ ಅಂಜಿಕೆ. ನಾನೂ ಇದೇ ಸೀಮೆಯವನು, ಆ ಅಂಜಿಕೆ ಬಲ್ಲೆ. ಆದರೆ ಸತ್ತವರ ಲೆಕ್ಕ ಮುಚ್ಚಿಡದೆ ಬಿಚ್ಚಿಟ್ಟದ್ದರಿಂದ ಉಳಿದುಕೊಂಡ ಮನೆತನವೊಂದಿದೆ.

ಅದು ಇರುವುದು ದೂರದ ನ್ಯೂಜಿಲೆಂಡಿನ ಟೌರಂಗಾದಲ್ಲಿ. ಅವರು ಮಾವೋರಿ ಜನ, ಆ ನಾಡಿನ ಮೂಲ ನಿವಾಸಿಗಳು. ಸುಮಾರು 30 ವರ್ಷದೊಳಗೆ ಒಂದೇ ಬಳಗದ 25ಕ್ಕೂ ಹೆಚ್ಚು ಮಂದಿ ಹೊಟ್ಟೆಯ ಕ್ಯಾನ್ಸರ್‌ಗೆ ಬಲಿಯಾದರು. ಎಲ್ಲರಿಗಿಂತ ಸಣ್ಣ ಜೀವಕ್ಕೆ ಬರೀ 14 ವರ್ಷ. ಶಾಪ ತಟ್ಟಿದೆ ಅಂದವರೂ ಇದ್ದರು. ನಮ್ಮಲ್ಲಾದರೂ ಬೇರೆ ಏನು ಅನ್ನುತ್ತಿದ್ದೆವು?

ಮಾವೋರಿಗಳಿಗೆ ವಂಶಾವಳಿ ಅಂದರೆ ಪ್ರಾಣ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ತಲೆತಲಾಂತರದ ಹೆಸರು ಹೇಳುವುದಿಲ್ಲವೇ, ಅಂಥ ನೆನಪು ಅವರ ಮನೆಮನೆಯಲ್ಲೂ ಇದೆ. ಮನೆಯವರೇ ಮುಂದೆ ಬಂದು ಒಟಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಕೂತರು. ಯಾರು ಯಾರ ಮಗ, ಯಾವ ವಯಸ್ಸಿಗೆ ಹೋದ ಎಂಬುದನ್ನೆಲ್ಲ ಜೋಡಿಸಿದರು. ಪ್ಯಾರಿ ಗಿಲ್ಫರ್ಡ್ ಅವರ ತಂಡ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿತು. ದೋಷ ಇದ್ದದ್ದು ಸಿಡಿಎಚ್-1 ಎಂಬ ವಂಶವಾಹಿಯಲ್ಲಿ.

ಗೋಡೆಯ ಕಲ್ಲುಗಳನ್ನು ಗಚ್ಚು ಹಿಡಿದಿಡುವಂತೆ, ಹೊಟ್ಟೆಯ ಒಳಪದರದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನು ಈ ವಂಶವಾಹಿಯಿಂದ ಆಗುತ್ತದೆ. ಗಚ್ಚು ಸಡಿಲಾದರೆ ಕೆಟ್ಟ ಕೋಶಗಳು ಗಂಟು ಕಟ್ಟದೆ ಒಂದೊಂದಾಗಿ ಪದರದ ಕೆಳಗೆ ಹರಡುತ್ತವೆ. ಅದಕ್ಕೇ ದುರ್ಬೀನು ಬಿಟ್ಟು ನೋಡಿದರೂ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಇದು ಸೋದರಮಾವನಿಗೆ ಕೊಟ್ಟದ್ದರಿಂದ ಬರುವ ರೋಗವಲ್ಲ. ತಂದೆ ಅಥವಾ ತಾಯಿ, ಒಬ್ಬರಿಂದ ದೋಷ ಬಂದರೂ ಸಾಕು. ಪ್ರತಿ ಮಗುವಿಗೂ ಬರುವ, ಬಾರದಿರುವ ಸಂಭವ ಅರ್ಧಕ್ಕರ್ಧ. ಬಂದವರಿಗೆಲ್ಲ ಕ್ಯಾನ್ಸರ್ ಆಗಿಯೇ ತೀರುತ್ತದೆ ಅಂತಲೂ ಇಲ್ಲ. ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಇದೆ.

ಟೌರಂಗಾದ ಬಳಗದವರು ರಕ್ತ ಪರೀಕ್ಷೆ ಮಾಡಿಸಿದರು. ದೋಷ ಇಲ್ಲದವರು ನಿಶ್ಚಿಂತರಾದರು. ಇದ್ದವರಲ್ಲಿ ಹಲವರು ಆರೋಗ್ಯವಾಗಿದ್ದಾಗಲೇ ಇಡೀ ಜಠರ ತೆಗೆಸಿಕೊಂಡರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೀಗೆ ತೆಗೆದ ಜಠರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಒಳಗೆ ಕ್ಯಾನ್ಸರಿನ ಕಿಡಿಗಳು ಆಗಲೇ ಹೊತ್ತಿರುತ್ತವೆ. ಜಠರ ಇಲ್ಲದೆಯೂ ಬದುಕು ಸಾಗುತ್ತದೆ. ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ಬಿ-12 ಜೀವಸತ್ವ ಕೊನೆತನಕ ತೆಗೆದುಕೊಳ್ಳಬೇಕು.

ಇಂಥ ಮನೆತನಗಳು ವಿರಳ. ಹೊಟ್ಟೆಯ ಕ್ಯಾನ್ಸರ್ ಆದ ನೂರು ಜನರಲ್ಲಿ ಒಂದರಿಂದ ಮೂವರಷ್ಟೇ ಈ ಬಗೆಯವರು. ಉಳಿದವರಲ್ಲಿ ದೊಡ್ಡ ಅಪರಾಧಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿ. ಬೀಜ ಮತ್ತು ಮಣ್ಣು ಎರಡೂ ಸೇರಿದರೆ ಏನಾಗುತ್ತದೆಂದು ಜಪಾನಿನವರು 2023ರಲ್ಲಿ ತೋರಿಸಿದರು. ಕ್ರಿಮಿ ಮಾತ್ರ ಇದ್ದವರಲ್ಲಿ 85ರ ವಯಸ್ಸಿನೊಳಗೆ ನೂರಕ್ಕೆ ಸುಮಾರು 14 ಮಂದಿಗೆ ಈ ಕ್ಯಾನ್ಸರ್. ಕ್ರಿಮಿಯ ಜೊತೆಗೆ ಬಿಆರ್‌ಸಿಎ-2ರಂಥ ಕೆಲವು ವಂಶವಾಹಿಗಳ ದೋಷವೂ ಸೇರಿದರೆ ಸುಮಾರು 45. ಬೀಜ ಬದಲಿಸಲು ಬರುವುದಿಲ್ಲ ಖರೆ, ಆದರೆ ಈ ಕ್ರಿಮಿಯನ್ನು ಒಂದೆರಡು ವಾರದ ಮಾತ್ರೆಯಿಂದ ತೆಗೆಯಬಹುದು. ಪರೀಕ್ಷೆಯೂ ಸರಳ.

ಮನೆಯಲ್ಲಿ ಐವತ್ತರೊಳಗೆ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ, ಅಥವಾ ಇಬ್ಬರು ಮೂವರಿಗೆ ಆಗಿದ್ದರೆ, ಡಾಕ್ಟರರನ್ನು ಕೇಳಲೇಬೇಕು. ಸೊಲ್ಲಾಪುರ ಜಿಲ್ಲೆಯವರಿಗೆ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಹೋಗುವಾಗ ಯಾರು, ಯಾವ ವಯಸ್ಸಿಗೆ, ಯಾವ ಕ್ಯಾನ್ಸರ್ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಮ್ಮ ವಂಶಾವಳಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಇರುತ್ತವೆ. ಈ ಹಾಳೆಯಲ್ಲಿ ಅವ್ವನ ತವರಿನವರೂ, ಕೊಟ್ಟ ಮನೆಗೆ ಹೋದ ಅತ್ತೆಯರೂ ಇರಲಿ.