ಅಮೀರ್ ಹಂಜಾನ ಕಥೆ

ನಾನು ಆಯನೂರಿನಲ್ಲಿ ಮಾಧ್ಯಮಿಕ ಶಾಲೆ ಓದುತ್ತಿದ್ದಾಗ ನಮ್ಮ ಬೀದಿಯ ವೃದ್ಧ ದರ್ಜಿಯೊಬ್ಬರು ಸಂಜೆ ಹೊಲಿಗೆ ನಿಲ್ಲಿಸಿ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಮಾತು ಅರ್ಧ ಕನ್ನಡ, ಅರ್ಧ ದಖನಿ. ಎಷ್ಟು ತುಂಬಿದರೂ ತುಂಬದ ಜೋಳಿಗೆಯುಳ್ಳ ಅಮರ್ ಎಂಬ ಚತುರನೆಂದರೆ ನಮಗೆ ಪ್ರಾಣ. ಅದು ಪಾರಸಿಯ ಮಹಾ ವೀರಕಥೆಯೊಂದರ ತುಣುಕೆಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಹಂಜಾ ಪ್ರವಾದಿ ಮಹಮ್ಮದರ ಚಿಕ್ಕಪ್ಪ. 625ರಲ್ಲಿ ಉಹುದ್ ಕಾಳಗದಲ್ಲಿ ಮಡಿದವರು. ಚರಿತ್ರೆಯಿಂದ ಕಥೆ ಪಡೆದದ್ದು ಹೆಚ್ಚುಕಡಿಮೆ ಆ ಹೆಸರನ್ನಷ್ಟೇ. ಕಥೆಯ ಹಂಜಾ ಇರಾನಿನ ದೊರೆ ನೌಶೇರ್ವಾನನ ಮಗಳು ಮೆಹರ್‌ನಿಗಾರಳಿಗೆ ಮನಸೋಲುತ್ತಾನೆ. ಅವಳಿಗಾಗಿ ಸಿಂಹಳದವರೆಗೆ ಹೋಗಿ ಲಂಧೌರನೆಂಬ ದೈತ್ಯದೇಹಿ ಅರಸನೊಡನೆ ಹೋರಾಡಿ, ಗೆದ್ದು, ಅವನನ್ನೇ ಗೆಳೆಯನನ್ನಾಗಿ ಮಾಡಿಕೊಳ್ಳುತ್ತಾನೆ. ಮುಂದೆ ಹದಿನೆಂಟು ದಿನಗಳಲ್ಲಿ ಮರಳುವೆನೆಂದು ಪರಿಗಳ ನಾಡಾದ ಕಾಫ್‌ಗೆ ಹೊರಟವನಿಗೆ ಅಲ್ಲಿ ಹದಿನೆಂಟು ವರ್ಷಗಳೇ ಕಳೆಯುತ್ತವೆ.

ಈ ಕಥೆ ಹೇಳುವವನಿಗೆ ದಾಸ್ತಾನ್‌ಗೋ ಎಂದು ಹೆಸರು. ತುಂಗೆಯ ದಡದ ಹೊಸಹಳ್ಳಿಯ ಗಮಕವನ್ನು ಕೇಳಿದ ನಮ್ಮವರಿಗೆ ಅವನ ಕೆಲಸ ಬೇಗ ಅರ್ಥವಾದೀತು. ಗಮಕದಲ್ಲಿ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕುಮಾರವ್ಯಾಸನ ಷಟ್ಪದಿ ಮಾತ್ರ ಅಲುಗುವುದಿಲ್ಲ. ದಾಸ್ತಾನ್‌ಗೋವಿಗೆ ಅಂತಹ ಕಟ್ಟಿಲ್ಲ. ಯುದ್ಧ, ಒಡ್ಡೋಲಗ, ಮಾಯೆ, ಅಯ್ಯಾರರ ತಂತ್ರ ಎಂಬ ನಾಲ್ಕು ಸರಕುಗಳನ್ನು ಸಭೆ ನೋಡಿ ಅಳೆದು ಕೊಡುತ್ತಾನೆ. ಪ್ರಿಯತಮೆಯ ಪರದೆ ಸರಿಯುವ ಒಂದೇ ಗಳಿಗೆಯನ್ನು ದಿನಗಟ್ಟಲೆ ಹಿಗ್ಗಿಸಿದವರ ಐತಿಹ್ಯಗಳೂ ಉಂಟು!

ಅಕ್ಬರನಿಗೆ ಈ ಕಥೆಯ ಹುಚ್ಚು. 1562ರ ಸುಮಾರಿಗೆ ಆರಂಭವಾಗಿ ಹದಿನೈದು ವರ್ಷಗಳಷ್ಟು ಕಾಲ ಅವನ ಚಿತ್ರಶಾಲೆಯಲ್ಲಿ ಸುಮಾರು 1400 ದೊಡ್ಡ ಚಿತ್ರಗಳು ಬಟ್ಟೆಯ ಮೇಲೆ ಸಿದ್ಧವಾದವು. ಚಿತ್ರದ ಹಿಂಬದಿಯಲ್ಲಿ ಕಥೆಯ ಬರಹ. ಇಂದು ಉಳಿದಿರುವುದು ಇನ್ನೂರಕ್ಕೂ ಕಡಿಮೆ. 1881ರಲ್ಲಿ ಶ್ರೀನಗರದಲ್ಲಿ ಕೆಲವು ದೊರೆತಾಗ ಅವುಗಳಿಂದ ಕಿಟಕಿ ಮುಚ್ಚಿದ್ದರಂತೆ.

ಇಂತಹ ವೀರಕಥೆಗಳಿಗೆ ನಮ್ಮ ನಾಡೂ ಹೊರತಲ್ಲ. ಹದಿನೇಳನೆಯ ಶತಮಾನದ ವಿಜಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ರಾಣಿ ಖದೀಜಾ ಸುಲ್ತಾನಳ ಅಪೇಕ್ಷೆಯಂತೆ ಕವಿ ರುಸ್ತಮಿ, ಹಜರತ್ ಅಲಿಯ ಸಾಹಸಗಳ ಪಾರಸಿ ಕಾವ್ಯವನ್ನು 'ಖಾವರ್‌ನಾಮ' ಎಂದು ದಖನಿಗೆ ತಂದನು. ದರ್ಜಿ ತಾತನ ಭಾಷೆಗೆ ಅಷ್ಟು ದೊಡ್ಡ ಮನೆತನವಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ನಾವು ಅದನ್ನು ಅಣಕಿಸುತ್ತಿದ್ದೆವು.

ಲಖನೌದ ನವಲ ಕಿಶೋರ್ ಮುದ್ರಣಾಲಯ ಹಂಜಾನ ಕಥೆಯನ್ನು ಉರ್ದುವಿನಲ್ಲಿ 46 ಸಂಪುಟಗಳಾಗಿ ಅಚ್ಚುಹಾಕಿತು. ಆದರೂ 1928ರಲ್ಲಿ ದಿಲ್ಲಿಯ ಮೀರ್ ಬಾಕರ್ ಅಲಿ ತೀರಿಕೊಂಡಾಗ ಹೇಳುವ ವಿದ್ಯೆಯ ಪರಂಪರೆ ಕಡಿದುಹೋಯಿತು. ಯಾವ ಮಾತಿಗೆ ದನಿ ತಗ್ಗಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದು ಆ 46ರಲ್ಲಿ ಯಾವುದರಲ್ಲಿಯೂ ಇಲ್ಲ. 2005ರಿಂದ ದಿಲ್ಲಿಯಲ್ಲಿ ಕೆಲವರು ಅದನ್ನು ಮತ್ತೆ ರಂಗಕ್ಕೆ ತಂದಿದ್ದಾರೆ. ಗುರುವಿಲ್ಲದೆ, ಪುಸ್ತಕದಿಂದ ಕಲಿತು.

ನಮ್ಮ ತಾತ ಹಂಜಾನನ್ನು ಕಾಫ್‌ಗೆ ಕಳುಹಿಸಿ, "ಉಳಿದದ್ದು ನಾಳೆ" ಎಂದು ದೀಪ ಹಚ್ಚಿದ್ದರು. ಆ ಮಳೆಗಾಲ ಅವರು ಹಾಸಿಗೆ ಹಿಡಿದರು. ಹಂಜಾ ಹಿಂದಿರುಗಿದ್ದನ್ನು ನಾನು ಅನುವಾದವೊಂದರಲ್ಲಿ ಓದಿ ತಿಳಿದೆ.