ಅಡಿಕೆ ಮಂಡಿಯಿಂದ ಎಂಬಿಎಗೆ: ಅರ್ಜಿಯಲ್ಲಿ ಏನು ಬರೀಬೇಕು?

(ಈ ವಾರದ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಭದ್ರಾವತಿಯ ಕೇಳುಗರೊಬ್ಬರು ಕಳೆದ ವಾರ ವಾಯ್ಸ್ ಮೆಸೇಜ್ ಕಳಿಸಿದ್ರು. ಅಪ್ಪ ವಿಐಎಸ್‌ಎಲ್‌ನಲ್ಲಿ ಗುತ್ತಿಗೆ ಕಾರ್ಮಿಕರು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗಿನಿಂದ ಮನೆ ಖರ್ಚಿನ ದೊಡ್ಡ ಪಾಲು ಇವರ ಮೇಲಿದೆ. ಬಿ.ಕಾಂ. ಓದಿದವರು, ದಿನಾ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾರೆ. "ಅಣ್ಣ, ನಾನು ಎಂಬಿಎಗೆ ಅರ್ಜಿ ಹಾಕ್ಬೋದಾ? ಅಲ್ಲಿ ಬರೀ ಇಂಜಿನಿಯರ್‌ಗಳು, ಐಟಿಯವರೇ ಇರ್ತಾರಂತೆ. ನಂದೂ ಒಂದು ಅನುಭವನಾ?" ಅನ್ನೋದು ಅವರ ಪ್ರಶ್ನೆ.

ಹಾಕ್ಬೋದು. ಆದ್ರೆ ಮೊದಲು ದಾರಿಗಳನ್ನ ಬಿಡಿಸಿ ನೋಡೋಣ.

ಐಐಎಂಗಳಿಗೆ ಕ್ಯಾಟ್ ಪರೀಕ್ಷೆ. ಯಾವುದೇ ಪದವಿಯಲ್ಲಿ ಶೇ. 50 ಅಂಕ ಇದ್ರೆ ಬರೀಬಹುದು. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 45 ಸಾಕು. ಕೆಲಸದ ಅನುಭವ ಕಡ್ಡಾಯ ಅಲ್ಲ. ಇಂಜಿನಿಯರ್ ಅಲ್ಲ ಅನ್ನೋದೂ ಅಡ್ಡಿಯಲ್ಲ. ಅಹಮದಾಬಾದ್ ಐಐಎಂ ಪದವಿಯ ವಿಷಯದ ಪ್ರಕಾರ ಅಭ್ಯರ್ಥಿಗಳನ್ನ ಗುಂಪು ಮಾಡಿ ನೋಡುತ್ತೆ. ಇನ್ನು ರಾಜ್ಯದ ಕಾಲೇಜುಗಳಿಗೆ ಕೆಇಎ ನಡೆಸೋ ಪಿಜಿಸಿಇಟಿ ಇದೆ. ಅಲ್ಲಿ ರ‍್ಯಾಂಕ್ ನೋಡಿ ಸೀಟು ಕೊಡ್ತಾರೆ, ಮಂಡಿ ವಿಚಾರ ಯಾರೂ ಕೇಳಲ್ಲ. ಕ್ಯಾಟ್ ದಾರಿಯಲ್ಲಿ ಪರೀಕ್ಷೆ ಆದ್ಮೇಲೆ ಸಂದರ್ಶನ ಇರುತ್ತೆ. ನಮ್ಮಂಥವರು ಎಡವೋದು ಅಲ್ಲೇ.

ನಾನೂ ಎಡವಿದ್ದೀನಿ. ಒಂದು ಸಂದರ್ಶನದಲ್ಲಿ "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದ್ರು. "ಮಾವನ ಅಂಗಡಿ ಲೆಕ್ಕ ನೋಡ್ತಿದ್ದೆ ಸರ್" ಅಂದು ಸುಮ್ಮನಾದೆ. ಅವರು ಮುಂದಿನ ಪ್ರಶ್ನೆಗೆ ಹೋದ್ರು. ಸೀಟು ಸಿಗಲಿಲ್ಲ. ಕೆಲಸ ಸಣ್ಣದು ಅಂತ ಅವರು ಹೇಳಿರಲಿಲ್ಲ. ನಾನೇ ಸಣ್ಣದು ಮಾಡಿ ಹೇಳಿದ್ದೆ.

ಮಂಡಿ ಕೆಲಸವನ್ನೇ ತಗೊಳ್ಳಿ. ರೈತರಿಗೆ ಮುಂಗಡ ಕೊಡ್ತಾರೆ. ಯಾರಿಗೆ ಎಷ್ಟು ಕೊಡಬಹುದು, ಅಡಿಕೆ ಬಂದಾಗ ಎಷ್ಟು ಮುರ್ಕೋಬೇಕು? ಬ್ಯಾಂಕಿನವರು ಸಾಲ ಕೊಡೋ ಮುಂಚೆ ಮಾಡೋ ಲೆಕ್ಕವೇ ಇದು. ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ಒಂದೊಂದು ದರ. ದರ ಇಳಿದಾಗ ರೈತ "ಈಗ ಬೇಡ, ಇಟ್ಟಿರಿ" ಅಂತಾನೆ. ಆಗ ಕೊಟ್ಟ ಮುಂಗಡ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆ ಬಿಕ್ಕಟ್ಟನ್ನ ಹೇಗೆ ನಿಭಾಯಿಸಿದ್ರಿ? ಅದನ್ನ ಹೇಳಿ. ಎಷ್ಟು ರೈತರ ಖಾತೆ ನೋಡ್ತೀರಿ, ಸೀಸನ್‌ನಲ್ಲಿ ಎಷ್ಟು ಕ್ವಿಂಟಲ್, ನೀವು ಹಿಡಿದ ಒಂದು ತಪ್ಪು ಯಾವುದು, ಇದನ್ನೆಲ್ಲ ಬರೆದಿಟ್ಕೊಳ್ಳಿ. ಆದ್ರೆ ಯಜಮಾನರು ಮಾಡಿದ್ದನ್ನ ನಾನು ಮಾಡ್ದೆ ಅನ್ಬೇಡಿ. ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತೆ.

ಇನ್ನೊಂದು, ಕಾಗದ. ಸಾಮಾನ್ಯವಾಗಿ ಪದವಿ ಮುಗಿದ ನಂತರದ ಪೂರ್ಣಾವಧಿ ಕೆಲಸವನ್ನಷ್ಟೇ ಅನುಭವ ಅಂತ ಪರಿಗಣಿಸ್ತಾರೆ, ಅದಕ್ಕೆ ದಾಖಲೆಯನ್ನೂ ಕೇಳ್ತಾರೆ. ಸಂಬಳ ಕೈಗೆ ನಗದಾಗಿ ಬರ್ತಿದ್ರೆ ಇವತ್ತೇ ಯಜಮಾನರ ಹತ್ರ ಮಾತಾಡಿ, ಬ್ಯಾಂಕ್ ಖಾತೆಗೆ ಹಾಕಿಸ್ಕೊಳ್ಳಿ. ಕೆಲಸಕ್ಕೆ ಸೇರಿದ ದಿನಾಂಕ ಇರೋ ಪತ್ರ ಕೇಳಿ. ಮನೆಯದೇ ವ್ಯಾಪಾರ ಆದ್ರೆ ಜಿಎಸ್‌ಟಿ ನೋಂದಣಿ, ಆದಾಯ ತೆರಿಗೆ ರಿಟರ್ನ್ಸ್ ಜೋಡಿಸಿಡಿ.

ಕೊನೆಗೆ ದುಡ್ಡು. ಬೆಂಗಳೂರು ಐಐಎಂನಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. ಶಿಕ್ಷಣ ಸಾಲ ಸಿಗಬಹುದು. ಆದ್ರೆ ಆ ಎರಡು ವರ್ಷ ಮನೆಗೆ ನಿಮ್ಮ ಸಂಬಳ ಬರಲ್ಲ, ಅದಕ್ಕೆ ಯಾರೂ ಸಾಲ ಕೊಡಲ್ಲ. ಅದಕ್ಕೇ ಅರ್ಜಿ ಹಾಕೋ ಮುಂಚೆ ಅಪ್ಪನ ಜೊತೆ ಕೂತು ತಿಂಗಳ ಖರ್ಚು ಬರೀರಿ. ಹೊಂದಿಕೆ ಆಗದಿದ್ರೆ ನಿಮ್ಮದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಮನೆಯಿಂದಲೇ ಓಡಾಡಿ ಎಂಬಿಎ ಓದಬಹುದು. ಕೆಲಸ ಬಿಡೋಕೇ ಆಗಲ್ಲ ಅಂದ್ರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಇದೆ. ಕಂಪನಿಗಳು ಕ್ಯಾಂಪಸ್‌ಗೆ ಬಂದು ಕೆಲಸ ಕೊಡೋ ಅವಕಾಶ ಅಲ್ಲಿ ನಿರೀಕ್ಷಿಸಬೇಡಿ. ಆದ್ರೆ ಮನೆಯ ಒಲೆ ಆರಲ್ಲ.

ತಮ್ಮಾ, ನಿಂದು ಖಂಡಿತ ಅನುಭವನೇ. ಅದನ್ನ ಮೊದಲು ನೀನು ನಂಬಿ, ಒಂದು ಹಾಳೆಯಲ್ಲಿ ಬರೆದು ನಂಗೆ ಕಳಿಸು. ಒಟ್ಟಿಗೇ ತಿದ್ದೋಣ.

ಮುಂದಿನ ವಾರ ಸಿಗೋಣ.